ಎರಡೂ ಕಾಲಿನ ಅಳತೆ

ಫೆಬ್ರವರಿ 3, ಸೋಮವಾರ

ಅಪ್ಪ,

ಬೆಳಗಿನ ಜಾವ ನಾಲ್ಕೂ ಹತ್ತು. ಎದುರಿನ ಡಿಪೊದಲ್ಲಿ ಮೊದಲ ಬಸ್ಸನ್ನು ಚಾಲೂ ಮಾಡಿದ ಸದ್ದಿಗೆ ಎಚ್ಚರವಾಯಿತು. ಎರಡು ಸಲ ಕೆಮ್ಮಿತು, ಮೂರನೆಯ ಸಲಕ್ಕೆ ಹಿಡಿಯಿತು. ಇವರಿದ್ದಿದ್ದರೆ ಮಗ್ಗುಲು ಬದಲಿಸುತ್ತ, "ಮುದುಕಿ ಎದ್ದಳು, ಇನ್ನು ಬೀದಿಗೆಲ್ಲ ನಿದ್ದೆಯಿಲ್ಲ" ಎನ್ನುತ್ತಿದ್ದರು. ಡಿಪೊದ ಟೈರು ವಿಭಾಗದಲ್ಲಿ ಒಂಬತ್ತು ವರ್ಷ ದುಡಿದವರು, ಯಾವ ಬಸ್ಸು ಕೆಮ್ಮಿದರೂ ಗುರುತು ಹೇಳುತ್ತಿದ್ದರು. ನನಗೆ ಆ ಮುದುಕಿಯೊಬ್ಬಳ ಗುರುತು ಮಾತ್ರ ಸಿಕ್ಕುತ್ತದೆ.

ಚೂಟಿ ಮಲಗಿದ್ದಾಳೆ. ಏಳು ತಿಂಗಳು ತುಂಬಿತು. ನಿನಗೆ ಕಾಗದ ಬರೆಯುತ್ತಿದ್ದೇನೆ, ಏಕೆಂದರೆ ನೀನು ಫೋನ್ ಎತ್ತುವುದಿಲ್ಲ. ಡಿಸೆಂಬರಿನಲ್ಲಿ ಇವರ ಕಾರ್ಯವೆಲ್ಲ ಮುಗಿಸಿ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದೆಯಲ್ಲ, "ಇನ್ನು ನಾನು ಫೋನ್ ಮುಟ್ಟಲ್ಲ ಮಗಳೆ, ನಿನ್ನ ಹತ್ತಿರಾನೂ ಅದರಲ್ಲಿ ಮಾತಾಡಲ್ಲ" ಎಂದು. ದುಃಖದಲ್ಲಿ ಆಡಿದ ಮಾತು, ಎರಡು ದಿನ ಇರುತ್ತದೆ ಅಂದುಕೊಂಡೆ. ಎರಡು ತಿಂಗಳಾಯಿತು. ಮೊನ್ನೆ ನಿನ್ನ ಕ್ಲಿನಿಕ್ಕಿಗೆ ಮಾಡಿದರೆ ಡಾಕ್ಟರಮ್ಮನೇ ಎತ್ತಿಕೊಂಡರು. "ಮನೆ ಫೋನಿನ ತಂತಿ ಕಿತ್ತು ಸುತ್ತಿಟ್ಟಿದ್ದಾರಂತಮ್ಮ. ಇಲ್ಲಿ ಫೋನ್ ಹೊಡ್ಕೊಂಡ್ರೆ ಎದ್ದು ಹೊರಗೆ ಹೋಗ್ತಾರೆ, ನಾನೇನು ಮಾಡ್ಲಿ?" ಎಂದರು.

ಶನಿವಾರ ಫಿಸಿಯೋಥೆರಪಿ ಮಂಡಳಿಯಿಂದ ಲಕೋಟೆ ಬಂತು. ಇವರ ಅಕ್ಕ ಕೊಟ್ಟ ದೂರಿನ ಪ್ರತಿ. ನಿನಗೂ ಬಂದಿರುತ್ತದೆ. ಜೂನ್ ಇಪ್ಪತ್ತಕ್ಕೆ ನಮ್ಮ ಈ ಊರಿನಲ್ಲೇ ವಿಚಾರಣೆಯಂತೆ. ತಪ್ಪು ನಿನ್ನದೆಂದು ತೀರ್ಮಾನವಾದರೆ ಫಿಸಿಯೋಥೆರಪಿಸ್ಟರ ಪಟ್ಟಿಯಿಂದ ನಿನ್ನ ಹೆಸರು ತೆಗೆಯುತ್ತಾರಂತೆ. ಮೂವತ್ತೊಂದು ವರ್ಷ ಜನರ ಬೆನ್ನು, ಭುಜ, ಮಂಡಿ ಹಿಡಿದು ಎಬ್ಬಿಸಿ ನಿಲ್ಲಿಸಿದವನು ಇನ್ನು ಯಾರ ಮೈಯನ್ನೂ ಮುಟ್ಟುವ ಹಾಗಿಲ್ಲ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ದೂರಿನಲ್ಲಿರುವುದು ಇಷ್ಟು. ಟೈರು ಬಿದ್ದು ಎಡ ಕಣಕಾಲು ಮುರಿದುಕೊಂಡ ತಮ್ಮನಿಗೆ ಆರು ವಾರ ಪ್ಲಾಸ್ಟರ್ ಹಾಕಿದ್ದರು. ಬಿಚ್ಚಿದ ವಾರದಲ್ಲೇ ಮೀನಖಂಡ ನೋಯತೊಡಗಿತು. ಡಿಸೆಂಬರ್ ಆರರ ಸಂಜೆ ಅವನ ಹೆಂಡತಿ ತನ್ನ ತಂದೆಗೆ ಫೋನ್ ಮಾಡಿದಳು. ತಂದೆ ನೋಡದೆ, ಮುಟ್ಟದೆ, ಬೆಚ್ಚಗೆ ಎಣ್ಣೆ ಹಚ್ಚಿ ತಿಕ್ಕಲು ಹೇಳಿದರು. ಅವಳು ತಿಕ್ಕಿದಳು. ಕಾಲಿನ ರಕ್ತನಾಳದಲ್ಲಿ ಕಟ್ಟಿಕೊಂಡಿದ್ದ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಯಿತು. ಏಳರ ಬೆಳಗಿನ ಜಾವ ನೀರು ಕುಡಿಯಲು ಎದ್ದವನು ಅಡುಗೆಮನೆಯ ಬಾಗಿಲಲ್ಲೇ ಕುಸಿದ.

ಇಷ್ಟರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಪ್ಪ, ನೀನು ಅಲ್ಲಿ ಏನು ಹೇಳುತ್ತೀಯ? ಫೋನಿನಲ್ಲಿ ನಾವು ಆಡಿದ ಮಾತನ್ನೆಲ್ಲ ಹೇಳುತ್ತೀಯಾ? ಅದನ್ನು ಮುಂಚಿತವಾಗಿ ನನಗೆ ಬರೆ.

ಇನ್ನೊಂದು ಸಣ್ಣ ವಿಷಯ. ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಯಾರೋ ತಂತಿ ಎಳೆದ ಹಾಗೆ ನೋವು. ಚೂಟಿಯನ್ನು ಎತ್ತಿಕೊಂಡಾಗ ಜೋರು. ಡಬ್ಬಿಯ ಮುಚ್ಚಳ ತೆಗೆಯಲಾಗುವುದಿಲ್ಲ, ಹಿಂಡಿದ ಬಟ್ಟೆಯಿಂದ ನೀರು ಸುರಿಯುತ್ತಲೇ ಇರುತ್ತದೆ. ಇದಕ್ಕಾದರೂ ಉತ್ತರ ಬರೆಯುತ್ತೀಯಲ್ಲ?

ನಿನ್ನ ಮಗಳು


ಫೆಬ್ರವರಿ 12, ಬುಧವಾರ

ಮಗಳೆ,

ಕಾಗದ ತಲುಪಿತು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಿನ್ನ ಅಕ್ಷರ ಕುಡಿದವರ ಹಾಗೆ ಎಡಕ್ಕೆ ವಾಲಿದೆ. ಹೆಬ್ಬೆರಳಿಗೆ ನೋಯದಿರಲೆಂದು ಪೆನ್ನನ್ನು ತೋರುಬೆರಳು ನಡುಬೆರಳುಗಳ ಸಂದಿಗೆ ಸಿಕ್ಕಿಸಿ ಬರೆದಿದ್ದೀಯ. ಸುಳ್ಳಾ?

ನೋಡದೆ ಯಾರಿಗೂ ಏನೂ ಹೇಳಬಾರದೆಂದು ಕೂತವನು ನಾನು. ಆದ್ದರಿಂದ ಮೊದಲು ಹೋಗಿ ಡಾಕ್ಟರಿಗೆ ತೋರಿಸು. ತೋರಿಸುವ ತನಕ ಈ ಕಾಗದದ ಕೆಳಗಿನ ಅರ್ಧ ಓದಬೇಡ. ಓದುತ್ತಿದ್ದೀಯ, ನನಗೆ ಗೊತ್ತು.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟು. ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಾಗಿಸು. ಜೀವ ಹೋದ ಹಾಗಾದರೆ ಡಾಕ್ಟರೂ ಬಹುಶಃ ನಾನು ಅಂದುಕೊಂಡಿರುವುದನ್ನೇ ಹೇಳುತ್ತಾರೆ. ಹೆಬ್ಬೆರಳನ್ನು ಎತ್ತುವ ನರದಂಥ ಎರಡು ಹುರಿಗಳು ಒಂದು ಸಣ್ಣ ಕೊಳವೆಯೊಳಗೆ ಓಡಾಡುತ್ತವೆ. ಕೊಳವೆ ಊದಿಕೊಂಡರೆ ಉಜ್ಜುತ್ತದೆ. ಎಳೆಮಕ್ಕಳ ತಾಯಂದಿರಿಗೆ ಬರುವ ನೋವು ಇದು. ನೀನು ನಮ್ಮ ಪುಟ್ಟ ಮೇಡಂ ಅವರನ್ನು ಕಂಕುಳಿಗೆ ಕೈ ಕೊಟ್ಟು, ಹೆಬ್ಬೆರಳು ಮೇಲೆ ಮಾಡಿ, ಕಪಾಟಿನಿಂದ ಗಾಜಿನ ಜಾಡಿ ಇಳಿಸಿದ ಹಾಗೆ ಎತ್ತುತ್ತೀಯ. ದಿನಕ್ಕೆ ಅರವತ್ತು ಸಲ. ಹಾಗಲ್ಲ. ಒಂದು ಕೈ ಕುಂಡೆಯ ಕೆಳಗೆ, ಒಂದು ಕೈ ಬೆನ್ನಿಗೆ, ಅಂಗೈ ಮೇಲಾಗಿ, ನೀರು ಮೊಗೆದ ಹಾಗೆ ಮೊಗೆದು ಎದೆಗೆ ತಂದುಕೊ. ಹೆಬ್ಬೆರಳು ಅಲ್ಲಾಡದ ಹಾಗೆ ಪಟ್ಟಿ ಕಟ್ಟಿಸಿಕೊ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ. ತಿಕ್ಕಬೇಡ. ಯಾರ ಕೈಯಲ್ಲೂ ತಿಕ್ಕಿಸಬೇಡ.

ಎರಡೂ ಮಣಿಕಟ್ಟನ್ನು ಟೇಪು ಹಿಡಿದು ಅಳೆದು ಬರೆ. ನೋವಿರುವುದನ್ನೊಂದೇ ಅಳೆದರೆ ಏನೂ ತಿಳಿಯುವುದಿಲ್ಲ, ನೋವಿಲ್ಲದ್ದನ್ನೂ ಅಳೆಯಬೇಕು. ನಿನಗೇನು ಇದನ್ನು ಹೊಸದಾಗಿ ಹೇಳುವುದು! ಆರು ವರ್ಷದವಳಿದ್ದಾಗ ಕ್ಲಿನಿಕ್ಕಿನ ಬೆಂಚಿನಲ್ಲಿ ಕಾಯುತ್ತ ಕೂತವರ ಕಾಲನ್ನೆಲ್ಲ ಅಳೆದು ಇಟ್ಟವಳು ನೀನು. ಒಬ್ಬ ಪೊಲೀಸಿನವನು ಹೆದರಿ ಪ್ಯಾಂಟು ಮೇಲೆ ಮಾಡಿಕೊಂಡು ನಿಂತಿದ್ದ.

ಮಂಡಳಿಗೆ ಹೇಳುವುದೇನಿದೆ? ನೋಡದೆ ಹೇಳಿದೆ ಎನ್ನುತ್ತೇನೆ. ಅಷ್ಟೇ. ದೂರು ಕೊಟ್ಟಾಕೆಯ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ.

ಅಪ್ಪ


ಮಾರ್ಚ್ 9, ಭಾನುವಾರ

ಅಪ್ಪ,

ಡಾಕ್ಟರು ನಿನ್ನ ಮಾತನ್ನೇ ಹೇಳಿದರು, ನಿನ್ನಷ್ಟು ತಮಾಷೆಯಾಗಿ ಅಲ್ಲ. ಪಟ್ಟಿ ಕಟ್ಟಿದ್ದಾರೆ. ಕೆಳಗಿನ ಮನೆಯ ನರ್ಸ್ ದಿನಾ ಬಂದು ಸರಿಯಾಗಿ ಕೂತಿದೆಯಾ ಎಂದು ನೋಡಿ ಹೋಗುತ್ತಾರೆ. ಚೂಟಿಯನ್ನು ಮೊಗೆದು ಎತ್ತುವುದು ಅಭ್ಯಾಸವಾಗುತ್ತಿದೆ. ಅವಳಿಗೇನೋ ಅದು ಆಟ, ಕಿಲಕಿಲ ನಗುತ್ತಾಳೆ. ಅಳತೆ ಕೇಳಿದ್ದೆಯಲ್ಲ, ಬಲ ಹದಿನೈದೂವರೆ ಸೆಂಟಿಮೀಟರ್, ಎಡ ಹದಿನೈದೂವರೆ. ಎರಡೂ ಸಮ.

ಇವತ್ತು ಇವರ ಅಕ್ಕ ಬಂದಿದ್ದರು. ಪ್ರತಿ ಭಾನುವಾರ ಬರುತ್ತಾರೆ. ಶಾಲೆಯ ಉತ್ತರಪತ್ರಿಕೆಗಳ ಕಟ್ಟನ್ನು ಹೊತ್ತು ಬಂದು, ಒಂದನ್ನೂ ತಿದ್ದದೆ, ಚೂಟಿಯ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹೋಗುತ್ತಾರೆ. ನಾನು ಬೇಡವೆಂದರೆ, "ನಿನ್ನ ಕೈ ನೋಡ್ಕೊ ಮೊದ್ಲು" ಎಂದು ಗದರುತ್ತಾರೆ. ಚಹಾ ಕುಡಿಯುತ್ತ ಕೇಳಿದರು:

"ನಿಮ್ಮಪ್ಪ ಕಾಗದ ಬರೀತಾರಾ?"

"ಬರೀತಾರೆ ಅಕ್ಕ."

"ಏನಂತಾರೆ?"

"ಕೈನೋವಿಗೆ ಏನೇನು ಮಾಡ್ಬೇಕು ಅಂತ."

"ಓ! ಈಗ್ಲೂ ದೂರದಿಂದ್ಲೇ ನಡೀತಿದೆಯಾ ಅವರ ವೈದ್ಯ?" ಎಂದವರೇ ಲೋಟ ಕೆಳಗಿಟ್ಟು ಮುಖ ಮುಚ್ಚಿಕೊಂಡರು. ಕೈ ತೆಗೆದು, "ಮುಟ್ಟಿ ನೋಡಿ ತಪ್ಪು ಮಾಡಿದ್ರೆ ನಾನು ಏನೂ ಅಂತಿರ್ಲಿಲ್ಲ ಕಣೆ. ಮನುಷ್ಯರ ಕೈ ಅಲ್ವಾ, ತಪ್ಪುತ್ತೆ. ಊಟಕ್ಕೆ ಕೂತ್ಕೊಂಡು ಫೋನಿನಲ್ಲಿ ಹೇಳಿಬಿಟ್ರಲ್ಲ. ನನ್ನ ತಮ್ಮ ಅಷ್ಟು ಅಗ್ಗದವನಾಗಿದ್ನಾ?" ಎಂದರು.

ನಾನು ಅವರ ಮುಖವನ್ನೇ ನೋಡಿದೆ. ನನ್ನ ಬೆನ್ನ ಮೇಲೆ ಕೈಯಿಟ್ಟರು. "ನೀನ್ಯಾಕೆ ಹಾಗೆ ನೋಡ್ತೀಯ? ನಿಂದೇನೂ ತಪ್ಪಿಲ್ಲ. ಹೇಳಿದ್ದನ್ನ ಮಾಡಿದೆ."

ಅಪ್ಪ, ಆ ಕೈ ಎಷ್ಟು ಹೊತ್ತು ಬೆನ್ನ ಮೇಲಿತ್ತೋ ಅಷ್ಟು ಹೊತ್ತೂ ನಾನು ಉಸಿರು ಬಿಡಲಿಲ್ಲ. ಹೇಳಿಬಿಡಬೇಕೆಂದು ಅವರ ಕಡೆ ತಿರುಗಿದೆ. ಆಗಲೇ ಚೂಟಿ ಎದ್ದು ಅತ್ತಳು. ಇವರ ಅಕ್ಕ ಓಡಿ ಹೋಗಿ ಎತ್ತಿಕೊಂಡರು. ಅವಳ ಕಿವಿ ಥೇಟ್ ಇವರ ಕಿವಿಯ ಹಾಗೆಯೇ ಅಂತೆ. ಅದನ್ನು ಸವರುತ್ತ ಸವರುತ್ತ ಅವರಿಗೆ ಮನೆಗೆ ಹೊರಡುವ ನೆನಪೇ ಇರಲಿಲ್ಲ.

ನಿದ್ದೆ ಬರುತ್ತಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ಇವರು ಮಂಚದ ಮೇಲೆ ಕಾಲು ಚಾಚಿ, ಟವೆಲನ್ನು ಪಾದಕ್ಕೆ ಸುತ್ತಿ ಎಳೆದುಕೊಳ್ಳುವ ವ್ಯಾಯಾಮ ಮಾಡುತ್ತ, "ನೋಡೇ, ಕಾಲು ಕೊಕ್ಕರೆ ಕಾಲಾಗಿದೆ, ನಿಮ್ಮಪ್ಪನಿಗೆ ತೋರಿಸ್ಬೇಡ, ಅಳಿಯನ್ನ ವಾಪಸ್ ಕಳಿಸಿಬಿಡ್ತಾರೆ" ಎಂದು ನಕ್ಕದ್ದು ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತದೆ.

ನೀನು ಊಟ ಸರಿಯಾಗಿ ಮಾಡುತ್ತಿದ್ದೀಯಾ?

ನಿನ್ನ ಮಗಳು


ಏಪ್ರಿಲ್ 4, ಶುಕ್ರವಾರ

ಮಗಳೆ,

ಮಾಡುತ್ತಿದ್ದೇನೆ. ಒಬ್ಬನಿಗೆ ಅಡುಗೆ ಮಾಡುವುದು ಕಷ್ಟ, ಯಾವಾಗಲೂ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ.

ಡಾಕ್ಟರಮ್ಮ ನನ್ನನ್ನು ಕ್ಲಿನಿಕ್ಕಿಗೆ ಬರುವುದು ಬೇಡ ಅನ್ನಲಿಲ್ಲ, ರೋಗಿಗಳನ್ನು ಮುಟ್ಟುವುದು ಬೇಡ ಅಂದರು. ವಿಚಾರಣೆ ಮುಗಿಯುವ ತನಕ. ಆದ್ದರಿಂದ ಬೆಳಗ್ಗೆ ಹೋಗಿ ಕ್ರೇಪ್ ಬ್ಯಾಂಡೇಜ್ ಸುತ್ತಿಡುತ್ತೇನೆ, ಬಿಸಿ ಪ್ಯಾಕಿನ ನೀರು ನೋಡುತ್ತೇನೆ, ಹೆಸರು ಕರೆಯುತ್ತೇನೆ. ಹೊಸದಾಗಿ ಸೇರಿರುವ ಹುಡುಗಿ ಚುರುಕು. ಆದರೆ ಭುಜವನ್ನು ಮುಟ್ಟುವಾಗ ಬಾಗಿಲ ಚಿಲಕ ಮುಟ್ಟಿದ ಹಾಗೆ ಮುಟ್ಟುತ್ತಾಳೆ. ನಾನು ಪಕ್ಕದಲ್ಲಿ ಪ್ಯಾಂಟಿನ ಜೇಬಿನೊಳಗೆ ಕೈಯಿಟ್ಟುಕೊಂಡು ನಿಂತಿರುತ್ತೇನೆ. ಹೊರಗೆ ಬಿಟ್ಟರೆ ಅವು ತಾವಾಗಿಯೇ ಹೋಗಿಬಿಡುತ್ತವೆ.

ಮೊನ್ನೆ ಹೊಲಿಗೆಯ ಅಜ್ಜಿ ಬಂದಿದ್ದಳು. ಭುಜದ ಕೀಲು ಬಿಗಿದುಕೊಂಡು ತೋಳು ಕಿವಿಯ ತನಕವೂ ಏಳುವುದಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವ ವ್ಯಾಯಾಮ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇವೆ, ಒಂದು ತಿಂಗಳಲ್ಲಿ ಒಂದು ಗೇಣು ಮೇಲೆ ಹೋಗಿದೆ. ಹುಡುಗಿ ತೋಳು ಹಿಡಿದ ಕೂಡಲೇ ಅಜ್ಜಿ ನನ್ನ ಕಡೆ ತಿರುಗಿ, "ಏನ್ ಸಾರ್, ನಿಮ್ಮ ಕೈಯನ್ನ ಯಾರಾದ್ರೂ ಕಟ್ಟಿಹಾಕಿದ್ದಾರಾ?" ಎಂದಳು. "ಹೌದಮ್ಮ, ಜೂನ್ ತನಕ" ಎಂದೆ. "ಹಾಗಾದ್ರೆ ನನ್ನ ಭುಜಾನೂ ಜೂನ್ ತನಕ ಕಾಯ್ಲಿ ಬಿಡಿ, ಅದಕ್ಕೇನು ಮದುವೆ ವಯಸ್ಸು ಮೀರುತ್ತಾ?" ಎಂದು ಎದ್ದು ಹೋಗಿಯೇಬಿಟ್ಟಳು. ಹಿಂದೆ ಓಡಿ ಕರೆದುಕೊಂಡು ಬರಬೇಕಾಯಿತು. ತಡ ಮಾಡಿದರೆ ಆ ಭುಜ ಮತ್ತೆ ಕೂತುಬಿಡುತ್ತದೆ.

ನನಗೆ ಐವತ್ತೆಂಟು. ಈ ಕೈಗಳಿಗೆ ಬೇರೆ ವಿದ್ಯೆ ಬರುವುದಿಲ್ಲ. ಹೆಸರು ತೆಗೆದರೆ ಏನು ಮಾಡುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಯೋಚಿಸಿಲ್ಲ ಎಂದೆ. ಯೋಚಿಸುವುದು ಬಿಟ್ಟು ಬೇರೇನೂ ಮಾಡಿಲ್ಲ.

ನಿನಗೆ ಒಂದೇ ಮಾತು. ನಿನ್ನ ಕೈಯಿಂದ ಹೀಗಾಯಿತು ಎಂದು ಯಾವತ್ತೂ ಅಂದುಕೊಳ್ಳಕೂಡದು. ನಿನ್ನ ಕೈ ನನ್ನ ಮಾತನ್ನು ಹೊತ್ತಿತು, ಅಷ್ಟೇ. ನಾನು ಕಲಿಸಿದ ಹಾಗೆ ನೀನು ಮಾಡಿದೆ, ಕೇಳಿದ್ದಕ್ಕೆ ಉತ್ತರ ಕೊಟ್ಟೆ.

ಅಪ್ಪ


ಮೇ 7, ಬುಧವಾರ

ಅಪ್ಪ,

ಒಂದು ತಿಂಗಳಿಂದ ಈ ಕಾಗದವನ್ನು ಬರೆದು ಹರಿದು ಬರೆದು ಹರಿಯುತ್ತಿದ್ದೇನೆ. "ಕೇಳಿದ್ದಕ್ಕೆ ಉತ್ತರ ಕೊಟ್ಟೆ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ದಾಟಿ ಮುಂದಕ್ಕೆ ಹೋಗಲಾಗುತ್ತಿಲ್ಲ.

ಸಣ್ಣದನ್ನು ಮೊದಲು ಹೇಳುತ್ತೇನೆ. ಮಾರ್ಚಿನಲ್ಲಿ ಮಣಿಕಟ್ಟು ಎರಡೂ ಹದಿನೈದೂವರೆ ಎಂದು ಬರೆದಿದ್ದೆ. ಅಳೆದಿರಲಿಲ್ಲ. ಬಾಯಿಗೆ ಬಂದದ್ದನ್ನು ಬರೆದೆ. ಇವತ್ತು ನರ್ಸಿನ ಮನೆಯಿಂದ ಟೇಪು ತಂದು ಅಳೆದೆ. ಎಡ ಹದಿನೈದು, ಬಲ ಹದಿನಾರಕ್ಕೆ ಸ್ವಲ್ಪ ಕಮ್ಮಿ. ಎರಡು ಸಲ ಅಳೆದೆ. ನರ್ಸ್ ಮೂರನೆಯ ಸಲ ಅಳೆದರು.

ನಮ್ಮ ಮನೆಯ ಟೇಪು ಬೀರುವಿನ ಕೆಳಗಿನ ಡ್ರಾಯರಿನಲ್ಲಿದೆ. ನಾನು ಆ ಡ್ರಾಯರ್ ತೆಗೆಯುವುದಿಲ್ಲ.

ಚೂಟಿ ಅಂಬೆಗಾಲಿಡುತ್ತಾಳೆ. ಅಡುಗೆಮನೆಯ ಬಾಗಿಲ ತನಕ ಹೋಗಿ ಕೂತು ನನ್ನ ಕಡೆ ತಿರುಗಿ ನೋಡುತ್ತಾಳೆ. ಅಲ್ಲಿಗೇ ಹೋಗುತ್ತಾಳೆ, ಬೇರೆಲ್ಲಿಗೂ ಇಲ್ಲ. ಅಲ್ಲಿ ನೆಲ ತಂಪಾಗಿದೆ, ಅದಕ್ಕೆ ಅನ್ನುತ್ತಾರೆ ನರ್ಸ್.

ಸಿಟ್ಟಾದರೆ ಸಿಟ್ಟಾಗಿ ಬರೆ. ಸುಮ್ಮನಿರಬೇಡ.

ನಿನ್ನ ಮಗಳು


ಮೇ 24, ಶನಿವಾರ

ಮಗಳೆ,

ಸಿಟ್ಟಿಲ್ಲ. ಮಾರ್ಚಿನ ಅಳತೆ ಸುಳ್ಳೆಂದು ಓದಿದಾಗಲೇ ಗೊತ್ತಾಗಿತ್ತು. ಅಷ್ಟು ನೋಯುವ ಮಣಿಕಟ್ಟು ಊದದೆ ಸಮ ಇರುವುದಿಲ್ಲ. ಪಟ್ಟಿಯನ್ನು ಇನ್ನು ಮೂರು ವಾರ ಬಿಡಬೇಡ. ನೋವು ಇಳಿದ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡು, ಹತ್ತು ಸಲ. ನೋವಾದರೆ ಅಲ್ಲೇ ನಿಲ್ಲಿಸು.

ಈಗ ದೊಡ್ಡದು. ನೀನು ಬರೆಯುವ ಮೊದಲು ನಾನೇ ಬರೆಯುತ್ತೇನೆ, ನೀನು ಬರೆಯಬೇಕಾಗಿಲ್ಲ.

ಆರು ವಾರ ಪ್ಲಾಸ್ಟರಿನೊಳಗಿದ್ದ ಮೀನಖಂಡ ಸೊರಗುತ್ತದೆ. ಇನ್ನೊಂದು ಕಾಲಿಗಿಂತ ಎರಡು ಮೂರು ಸೆಂಟಿಮೀಟರ್ ಸಣ್ಣದಾಗಿರುತ್ತದೆ. ಮೂವತ್ತೊಂದು ವರ್ಷದಲ್ಲಿ ಸಮ ಇದ್ದ ಒಂದು ಕಾಲನ್ನೂ ನಾನು ನೋಡಿಲ್ಲ. ಸಮ ಇದೆಯೆಂದರೆ ಸೊರಗಿದ ಕಾಲು ಊದಿ ಸಮವಾಗಿದೆ ಎಂದರ್ಥ. ಅಂಥ ಕಾಲನ್ನು ತಿಕ್ಕುವುದಲ್ಲ, ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಆ ಸಂಜೆ ನೀನು "ಎರಡೂ ಮೂವತ್ತಾರು" ಎಂದೆ. ನಾನು ತಟ್ಟೆಯ ಮುಂದಿದ್ದೆ. "ಹಾಗಾದ್ರೆ ಒಳ್ಳೇದಾಯ್ತು, ತಿಕ್ಕು" ಎಂದೆ. ಮೊದಲನೆಯ ವರ್ಷದ ವಿದ್ಯಾರ್ಥಿಗೂ ಗೊತ್ತಾಗುವ ಮಾತು. ನನಗೆ ಮರುದಿನ ಬೆಳಗ್ಗೆ, ನಿಮ್ಮ ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಗೊತ್ತಾಯಿತು.

ಡಾಕ್ಟರಮ್ಮ ಮೊನ್ನೆ ಕೂರಿಸಿಕೊಂಡು ಕೇಳಿದರು: "ಮಗಳು ನಿಜವಾಗ್ಲೂ ಅಳೆದಿದ್ರಾ? ಒಂದು ಮಾತು ಕೇಳಿ ನೋಡಿ. ನಿಮಗೆ ತಪ್ಪು ಅಳತೆ ಸಿಕ್ಕಿತ್ತು ಅಂತಾದ್ರೆ ಮಂಡಳಿಯವರು ಎಚ್ಚರಿಕೆ ಕೊಟ್ಟು ಬಿಡ್ತಾರೆ. ಸರಿಯಾದ ಅಳತೆ ಸಿಕ್ಕಿಯೂ ತಿಕ್ಕೋಕೆ ಹೇಳಿದ್ರಿ ಅಂದ್ರೆ ನಿಮ್ಮ ಹೆಸರು ಉಳಿಯೋದಿಲ್ಲ."

ಕೇಳುವುದಿಲ್ಲ ಎಂದೆ.

ನೀನು ಅಳೆದೆ. ಸರಿಯಾಗಿ ಅಳೆದೆ. ಮೂವತ್ತಾರು, ಮೂವತ್ತಾರು. ಮಂಡಳಿಯ ಮುಂದೆ ನಾನು ಹೇಳುವುದು ಇದೇ, ಇದನ್ನೇ ಬರೆದು ಕಳಿಸಿಯೂ ಆಗಿದೆ. ನನ್ನ ಮಗಳಿಗೆ ಟೇಪು ಹಿಡಿಯಲು ಕಲಿಸಿದವನು ನಾನು. ಅವಳು ಅಳೆಯದೆ ಹೇಳುವವಳಲ್ಲ. ಮಗುವಿನ ಅತ್ತೆ ಭಾನುವಾರ ಭಾನುವಾರ ಬರುತ್ತಿರಲಿ, ಬಟ್ಟೆ ಒಗೆದುಕೊಡಲಿ. ಮೇಡಂ ಅವರಿಗೆ ಅಪ್ಪನ ಕಡೆಯವರೆಂದು ಇರುವುದು ಆಕೆಯೊಬ್ಬಳೇ. ಅದು ಕೆಡಬಾರದು.

ವಿಚಾರಣೆಗೆ ಬರಬೇಡ. ಈ ವಿಷಯ ಇನ್ನು ಬರೆಯಲೂ ಬೇಡ. ಹತ್ತೊಂಬತ್ತರ ಸಂಜೆ ಊರಿಗೆ ಬರುತ್ತೇನೆ, ಬಸ್ ನಿಲ್ದಾಣದ ಪಕ್ಕದ ಲಾಡ್ಜಿನಲ್ಲಿ ಇಳಿದುಕೊಳ್ಳುತ್ತೇನೆ. ಒಂದು ಗಳಿಗೆ ಬಂದು ಮಗುವನ್ನು ನೋಡಿಕೊಂಡು ಹೋಗುತ್ತೇನೆ.

ಅಪ್ಪ


ಜೂನ್ 19, ಗುರುವಾರ

ಅಪ್ಪ,

ರಾತ್ರಿ ಎಂಟು ಗಂಟೆ. ನೀನು ಮೆಟ್ಟಿಲಿಳಿದು ಹೋಗಿ ಒಂದೂವರೆ ಗಂಟೆಯಾಯಿತು. ಒಂಬತ್ತೂವರೆಗೆ ನರ್ಸ್ ರಾತ್ರಿ ಪಾಳಿಗೆ ಹೊರಡುತ್ತಾರೆ, ನಿನ್ನ ಲಾಡ್ಜಿನ ಮುಂದೆಯೇ ಅವರ ಬಸ್ಸು ನಿಲ್ಲುವುದು. ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತಾರಂತೆ, ಬ್ಯಾಗಿನೊಳಗೆ ಮರೆಯುವುದಿಲ್ಲ ಎಂದಿದ್ದಾರೆ. ಲಾಡ್ಜಿಗೆ ಫೋನ್ ಮಾಡಿದೆ. ಕೌಂಟರಿನವನು ಮೇಲೆ ಹೋಗಿ ಬಂದು, "ಫೋನಿಗೆ ಬರೋದಿಲ್ಲ ಅಂದ್ರು ಮೇಡಂ" ಎಂದ.

ಮುಕ್ಕಾಲು ಗಂಟೆ ನನ್ನ ಎದುರಿಗೆ ಕೂತಿದ್ದೆ. ಚಹಾ ಕುಡಿದೆ, ಪಟ್ಟಿ ಬಿಚ್ಚಿಸಿ ಮಣಿಕಟ್ಟನ್ನು ನೋಡಿದೆ. ಕಣ್ಣಿನಲ್ಲಷ್ಟೇ ನೋಡಿದೆ. ಚೂಟಿ ತೆವಳಿಕೊಂಡು ಬಂದು ನಿನ್ನ ಪ್ಯಾಂಟು ಹಿಡಿದು ಎದ್ದು ನಿಂತಳು. ಜೀವನದಲ್ಲಿ ಮೊದಲನೆಯ ಸಲ ನಿಂತದ್ದು ಅವಳು, ನಿನ್ನ ಮಂಡಿ ಹಿಡಿದು. ಎರಡೂ ಕೈ ಮೇಲೆ ಮಾಡಿ ಎತ್ತಿಕೋ ಅಂದಳು. ನೀನು ಜೇಬಿನೊಳಗಿನ ಕೈ ತೆಗೆಯಲಿಲ್ಲ. ಬಟ್ಟೆಯೊಳಗೆ ಮುಷ್ಟಿ ಕಟ್ಟಿದ್ದು ನನಗೆ ಕಾಣುತ್ತಿತ್ತು. "ನೀನೇ ಎತ್ತಿಕೊ ಮಗಳೆ" ಎಂದೆ. ನಾನು ಎತ್ತಿಕೊಂಡೆ. "ಈಗ ಸರಿಯಾಗಿ ಎತ್ತುತ್ತಿದ್ದೀಯ" ಎಂದು ಹೇಳಿ ನೀನು ಎದ್ದೆ.

ಆಗಲೇ ಹೇಳಬೇಕಿತ್ತು. ನಿನ್ನ ಹಿಂದೆ ಮೆಟ್ಟಿಲ ತನಕ ಬಂದೆ. ಅಲ್ಲಿಂದಲೇ ಹಿಂದಿರುಗಿದೆ. ಬರೆಯಬೇಡ ಎಂದಿದ್ದೀಯ, ಬರೆಯುತ್ತೇನೆ.

ಆ ಸಂಜೆ ಇವರು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಬೂಟು ಒರೆಸುತ್ತಿದ್ದರು. ಸೋಮವಾರ ಕೆಲಸಕ್ಕೆ ಹೋಗಲೇಬೇಕೆಂದು ಹಟ. ಚೂಟಿ ಎರಡು ಗಂಟೆ ಅತ್ತು ಅತ್ತು ಆಗಷ್ಟೇ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ನಿನಗೆ ಫೋನ್ ಹಚ್ಚಿದೆ.

"ಒಂದು ಕಾಲು ದಪ್ಪ ಕಾಣುತ್ತಾ?" ಎಂದೆ ನೀನು.

"ಇಲ್ಲಪ್ಪ."

"ಮುಟ್ಟಿದ್ರೆ ಬಿಸಿ?"

"ಇಲ್ಲ."

"ಬಾಯಲ್ಲಿ ಇಲ್ಲ ಇಲ್ಲ ಅನ್ಬೇಡ. ಟೇಪು ಹಿಡಿದ್ಯಾ?"

"ಹಿಡಿದೆ ಅಪ್ಪ. ಎರಡೂ ಮೂವತ್ತಾರು."

ನಾನು ಟೇಪು ಹಿಡಿದಿರಲಿಲ್ಲ. ಆ ಡ್ರಾಯರ್ ಎಳೆದರೆ ಕಿರ್ರ್ ಅನ್ನುತ್ತದೆ, ಮಗು ಏಳುತ್ತದೆ ಎಂದು ಎಳೆಯಲಿಲ್ಲ. ಮೂವತ್ತಾರು ಎಂಬುದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ನೀನು ದಿನಾ ಬರೆದುಕೊಳ್ಳುತ್ತಿದ್ದ ಅಂಕಿಗಳಲ್ಲಿ ಯಾವುದೋ ಒಂದಿರಬೇಕು.

ಅದಕ್ಕಿಂತ ಕೆಟ್ಟದ್ದನ್ನು ಕೇಳು. ಕಾಲು ನನ್ನ ಕಣ್ಣಿಗೆ ಕಾಣುತ್ತಿತ್ತು. ಎಡ ಮೀನಖಂಡ ಬಿಗಿದುಕೊಂಡು ಹೊಳೆಯುತ್ತಿತ್ತು. ವಾರದ ಹಿಂದೆ ಕೊಕ್ಕರೆ ಕಾಲಾಗಿದ್ದುದು ತುಂಬಿಕೊಂಡಿತ್ತು. ನಿಜ ಹೇಳಿದರೆ ನೀನು ಆಸ್ಪತ್ರೆಗೆ ಹೋಗು ಅನ್ನುತ್ತೀಯ, ಅಲ್ಲಿ ನಾಲ್ಕು ಗಂಟೆ ಸಾಲು, ಮಗುವನ್ನು ಎತ್ತಿಕೊಂಡು ನಿಲ್ಲಬೇಕು, ಮೂರು ದಿನದಿಂದ ನಾನು ಮಲಗಿಲ್ಲ. ಇಷ್ಟು ನನ್ನ ತಲೆಯಲ್ಲಿ ಓಡಿತು. ಇಷ್ಟೇ. ಇದಕ್ಕಾಗಿ.

ಆಮೇಲೆ ತಿಕ್ಕಿದೆ. ಹಿಮ್ಮಡಿಯಿಂದ ಮಂಡಿಯ ಕಡೆಗೆ, ನಿಧಾನ, ನೀನು ಹೇಳಿದ ಹಾಗೆ. ಇವರು ಕಣ್ಣು ಮುಚ್ಚಿಕೊಂಡು, "ಅಬ್ಬಾ, ನಿಮ್ಮಪ್ಪನ ಕೈಗುಣ ನಿನಗೂ ಬಂದಿದೆ ಕಣೆ" ಎಂದರು.

ಬೆಳಗ್ಗೆ ಆಸ್ಪತ್ರೆಯ ಗಾಡಿ ಬರುವ ಮೊದಲು ಹತ್ತು ನಿಮಿಷ ನಾನು ಒಬ್ಬಳೇ ಇವರ ಹತ್ತಿರ ಇದ್ದೆ. ಡ್ರಾಯರ್ ಎಳೆದೆ. ಕಿರ್ರ್ ಅಂತು, ಚೂಟಿ ಏಳಲಿಲ್ಲ. ಟೇಪು ತಂದು ನೆಲದ ಮೇಲೆ ಕೂತು ಅಳೆದೆ. ಬಲ ಮೂವತ್ತಾರು. ಎಡ ಮೂವತ್ತೊಂಬತ್ತೂವರೆ. ಈ ಅಳತೆಯನ್ನು ನಾನು ಯಾರಿಗೂ ಹೇಳಿಲ್ಲ. ಆರು ತಿಂಗಳು ಒಳಗೇ ಇಟ್ಟುಕೊಂಡಿದ್ದೇನೆ. ಮೂವತ್ತೊಂಬತ್ತೂವರೆ ಎಂದು ಆ ಸಂಜೆ ಹೇಳಿದ್ದರೆ ನೀನು ತಟ್ಟೆ ಬಿಟ್ಟು ಎದ್ದು ಕೂಗುತ್ತಿದ್ದೆ, "ಮುಟ್ಟಬೇಡ, ಈಗಲೇ ಕರ್ಕೊಂಡು ಹೋಗು" ಎಂದು.

ಸಮ ಇರುವ ಕಾಲು ಇರುವುದಿಲ್ಲ ಎಂದು ನಿನಗೆ ಹೊಳೆಯಬೇಕಿತ್ತು ಅನ್ನುತ್ತೀಯ. ಹೊಳೆಯಲಿಲ್ಲ, ಏಕೆಂದರೆ ಹೇಳಿದವಳು ನಾನು. ಬೇರೆ ಯಾರು ಹೇಳಿದ್ದರೂ ನೀನು ನಂಬುತ್ತಿರಲಿಲ್ಲ. ನಿನಗೆ ಇದು ಬಸ್ಸಿನಲ್ಲಿ ಬರುವಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಅವತ್ತು ಬಂದು, ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, ಎಲ್ಲರ ಮುಂದೆ, ಇವರ ಅಕ್ಕನ ಮುಂದೆ, "ತಪ್ಪು ನಂದು" ಎಂದೆ. ನಾನು ಎದೆಯಲ್ಲಿ ಮುಖ ಹುದುಗಿಸಿಕೊಂಡು ಸುಮ್ಮನಿದ್ದೆ.

ನಾಳೆ ಹತ್ತು ಗಂಟೆಗೆ ನೀನು ಅದೇ ಮಾತನ್ನು ಮತ್ತೆ ಹೇಳಿದರೆ ಹೆಸರು ತೆಗೆಯುತ್ತಾರೆ. ಮತ್ತೆ ಸೇರಿಸುವುದಿಲ್ಲ. ನಿನಗೆ ಇನ್ನು ಇರುವ ವರ್ಷಗಳನ್ನೆಲ್ಲ ಕೈ ಜೇಬಿನಲ್ಲಿಟ್ಟುಕೊಂಡು ಕಳೆಯುತ್ತೀಯ. ನನ್ನ ಮಗು ಕೈ ಚಾಚಿದರೂ ತೆಗೆಯುವುದಿಲ್ಲ. ನನಗೆ ಅದು ಬೇಡ ಅಪ್ಪ. ನಾನು ಇವರನ್ನು ಕೊಂದೆ. ನಿನ್ನನ್ನೂ ಮುಗಿಸಿ ಬದುಕಲಾರೆ.

ಮಂಡಳಿಯ ಕಚೇರಿಗೆ ಮಧ್ಯಾಹ್ನ ಹೋಗಿದ್ದೆ. ನಾನು ಸಾಕ್ಷಿ ಹೇಳಬೇಕು ಎಂದೆ. ಹೆಸರು ಪಟ್ಟಿಯಲ್ಲಿಲ್ಲ ಎಂದರು. ನೀನು ಬೆಳಗ್ಗೆ ಎಂಟರೊಳಗೆ ಅವರಿಗೆ ನನ್ನ ಹೆಸರು ಕೊಟ್ಟರೆ ಮಾತ್ರ ಒಳಗೆ ಬಿಡುತ್ತಾರಂತೆ, ನಾನಾಗಿ ಬಂದರೆ ಹೊರಗಿನ ಬೆಂಚಿನ ತನಕ ಅಷ್ಟೇ. ಆದ್ದರಿಂದ ನಿನ್ನ ಕಾಲು ಹಿಡಿದು ಕೇಳುತ್ತಿದ್ದೇನೆ. ಇವರ ಅಕ್ಕನಿಗೆ ನಾನೇ ಹೇಳುತ್ತೇನೆ, ಅವರ ಮುಖ ನೋಡಿಯೇ ಹೇಳುತ್ತೇನೆ. ಅವರು ಇನ್ನು ಭಾನುವಾರ ಬರದಿದ್ದರೆ ಬರದಿರಲಿ. ಬಟ್ಟೆ ಒಗೆದುಕೊಳ್ಳುತ್ತೇನೆ, ಕೈ ವಾಸಿಯಾಗುತ್ತ ಬಂದಿದೆ. ಚೂಟಿ ದೊಡ್ಡವಳಾಗಿ ಕೇಳಿದರೆ ಅವಳಿಗೂ ಹೇಳುತ್ತೇನೆ. ಹೇಗೆ ಅಂತ ಇನ್ನೂ ಗೊತ್ತಿಲ್ಲ.

ಮಂಚದ ಮೇಲೆ ಕೂತಿರುತ್ತೇನೆ, ಫೋನ್ ಮಡಿಲಲ್ಲಿರುತ್ತದೆ. ಮಲಗುವುದಿಲ್ಲ. ಹನ್ನೆರಡಾಗಲಿ, ಮೂರಾಗಲಿ, ಯಾವ ಹೊತ್ತಾದರೂ ಸರಿ. ಕೌಂಟರಿನಲ್ಲಿ ರಾತ್ರಿಯಿಡೀ ಯಾರಾದರೂ ಇರುತ್ತಾರಂತೆ, ವಿಚಾರಿಸಿದ್ದೇನೆ. ನೀನು ಬೈಯಬೇಕಾದರೆ ಬೈ. ಬೈಯಲೂ ಮನಸ್ಸಿಲ್ಲದಿದ್ದರೆ ಏನೂ ಹೇಳಬೇಡ, ಸುಮ್ಮನೆ ಹಿಡಿದುಕೊಂಡು ನಿಂತಿರು, ನಿನ್ನ ಉಸಿರು ಕೇಳಿದರೆ ನನಗೆ ಗೊತ್ತಾಗುತ್ತದೆ, ಮಗುವನ್ನು ಎತ್ತಿಕೊಂಡು ಅಲ್ಲಿಗೇ ಬರುತ್ತೇನೆ. ನರ್ಸ್ ಬಾಗಿಲು ತಟ್ಟುತ್ತಿದ್ದಾರೆ. ಅಪ್ಪ, ಆ ಫೋನಿನ ಮೇಲೆ ನಿನಗಿರುವ ಸಿಟ್ಟು ನನ್ನ ಮೇಲೆ ಇರಬೇಕಾದ್ದು, ಅದರಲ್ಲಿ ಸುಳ್ಳು ಹೇಳಿದವಳು ನಾನು. ಇದೊಂದು ಸಲ ಅದನ್ನು ಕೈಗೆ ತಗೋ. ಬೆಳಗಾಗುವುದರೊಳಗೆ ಫೋನ್ ಮಾಡು.

ನಿನ್ನ ಮಗಳು